ಬತ್ತದ ತೋಡಿನ ಬುಡದಲ್ಲಿ ಜಾಜಿ ಜೌಗುಕಾಡು

ಮಾರ್ಚ್ ತಿಂಗಳು ಬಂತೆಂದರೆ ಗಡಿನಾಡಿನ ತೋಡುಗಳು ಒಂದೊಂದಾಗಿ ಬತ್ತತೊಡಗುತ್ತವೆ. ಹನ್ನೆರಡು ನದಿಗಳ ಜಿಲ್ಲೆ ಎಂದು ಹೆಸರು ಪಡೆದ ಕಾಸರಗೋಡಿನಲ್ಲೂ ಏಪ್ರಿಲ್ ವೇಳೆಗೆ ಅಡಿಕೆ ತೋಟಕ್ಕೆ ನೀರು ಸಾಲದು. ಸುರಂಗದ ನೀರು ಸಣ್ಣದಾಗುತ್ತದೆ, ಕೊಳವೆಬಾವಿ ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ಆದರೆ ಪಶ್ಚಿಮಘಟ್ಟದ ಕೆಲವು ಕಣಿವೆಗಳಲ್ಲಿ ಕಡುಬೇಸಿಗೆಯಲ್ಲೂ ತೋಡು ಹರಿಯುವುದನ್ನು ಕಾಣಬಹುದು. ಆ ತೋಡಿನ ಬುಡಕ್ಕೆ ಹೋಗಿ ನೋಡಿದರೆ ಕೆಲವೆಡೆ ಒಂದು ವಿಚಿತ್ರ ಕಾಡು ಎದುರಾಗುತ್ತದೆ. ಮರಗಳು ಕೆಸರಲ್ಲಿ ನಿಂತಿವೆ. ಬೇರುಗಳು ನೆಲದಿಂದ ಮೇಲೆದ್ದು ಮಂಡಿ ಊರಿದಂತೆ ಬಾಗಿ ಮತ್ತೆ ಕೆಸರಿಗೆ ಇಳಿದಿವೆ. ಇದೇ ಜಾಜಿಕಾಯಿ ಬಳಗದ ಮರಗಳ ಸಿಹಿನೀರಿನ ಜೌಗುಕಾಡು. ವಿಜ್ಞಾನಿಗಳು ಇದನ್ನು ಮಿರಿಸ್ಟಿಕಾ ಸ್ವಾಂಪ್ ಎನ್ನುತ್ತಾರೆ. ಮಲಯಾಳದಲ್ಲಿ ಜೌಗಿಗೆ ಚತುಪ್ಪು ಎಂಬ ಮಾತಿದೆ. ಉತ್ತರ ಕನ್ನಡದಲ್ಲಿ ಕಾಡೊಳಗಿನ ಇಂಥ ಕೆಸರು ತಾಣಕ್ಕೆ ಜಡ್ಡಿ ಎನ್ನುವುದುಂಟು.

ಭಾರತದ ಕಾಡುಗಳ ಪೈಕಿ ಅತ್ಯಂತ ಕಡಿಮೆ ಜಾಗದಲ್ಲಿ ಉಳಿದಿರುವ ಕಾಡುಗಳಲ್ಲಿ ಇದೂ ಒಂದು. ಇದು ಹೇಗೆ ಬದುಕುತ್ತದೆ, ಏಕೆ ಅಳಿಯುತ್ತಿದೆ, ಅಳಿದದ್ದನ್ನು ಮತ್ತೆ ಬೆಳೆಸಬಹುದೇ ಎಂಬುದು ಈ ಲೇಖನದ ವಿಷಯ.

ಎಲ್ಲೆಲ್ಲಿ ಇದೆ?

ಈ ಕಾಡನ್ನು ಪ್ರತ್ಯೇಕವಾಗಿ ಗುರುತಿಸಿ ಬರೆದವರು ಅರಣ್ಯ ಅಧಿಕಾರಿ ಕೃಷ್ಣಮೂರ್ತಿ. 1960ರಲ್ಲಿ ಅವರು ತಿರುವಾಂಕೂರಿನ ನಿತ್ಯಹರಿದ್ವರ್ಣ ಕಾಡುಗಳ ನಡುವಿನ ಜಾಜಿ ಜೌಗುಗಳ ಬಗ್ಗೆ ವರದಿ ಮಾಡಿದರು. 1968ರಲ್ಲಿ ಚಾಂಪಿಯನ್ ಮತ್ತು ಸೇಠ್ ಭಾರತದ ಕಾಡುಗಳ ವರ್ಗೀಕರಣ ಸಿದ್ಧಪಡಿಸಿದಾಗ ಇದಕ್ಕೆ ಉಷ್ಣವಲಯದ ಸಿಹಿನೀರಿನ ಜೌಗುಕಾಡುಗಳ ಪಂಗಡದಲ್ಲಿ ಸ್ವಂತ ಸ್ಥಾನ ಸಿಕ್ಕಿತು.

ಕೇರಳದಲ್ಲಿ ಕೊಲ್ಲಂ ಮತ್ತು ತಿರುವನಂತಪುರ ಜಿಲ್ಲೆಗಳ ಕುಳತ್ತುಪುಳ, ಅಂಚಲ್, ಶೆಂದುರುಣಿ ಭಾಗದಲ್ಲಿ ಇಂತಹ ಹತ್ತಾರು ತುಣುಕುಗಳಿವೆ. ಎಲ್ಲವನ್ನೂ ಕೂಡಿಸಿದರೂ 200 ಹೆಕ್ಟೇರ್ ಆಗದು. ಕರ್ನಾಟಕದಲ್ಲಿ ಉತ್ತರ ಕನ್ನಡದ ಸಿದ್ದಾಪುರ ಮತ್ತು ಹೊನ್ನಾವರ ತಾಲೂಕುಗಳ ಘಟ್ಟದಂಚಿನಲ್ಲಿ, ಮುಖ್ಯವಾಗಿ ಕತ್ತಲೆಕಾನಿನಲ್ಲಿ ಇವೆ. ಗೋವಾದ ಸತ್ತರಿ ತಾಲೂಕಿನಲ್ಲಿ ನಿರಂಕಾರಾಚಿ ರಾಯ್ ಎಂಬ ದೇವರ ಕಾಡಿನೊಳಗೆ ಒಂದಿದೆ. ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ದೋಡಾಮಾರ್ಗ ತಾಲೂಕಿನ ಹೇವಾಳೆ-ಬಾಂಬರ್ಡೆಯಲ್ಲಿ ಇರುವುದು ಸುಮಾರು ಎರಡೂವರೆ ಹೆಕ್ಟೇರಿನ ಜಾಗ. ಅದನ್ನು 2021ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು.

ಪಟ್ಟಿ ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. ಉಳಿದಿರುವ ತುಣುಕುಗಳಲ್ಲಿ ಹಲವು ದೇವರ ಹೆಸರಿನಲ್ಲಿ ಉಳಿದವು. ಗೋವಾದಲ್ಲಿ ರಾಯ್, ಕೇರಳದಲ್ಲಿ ಕಾವು, ಮಲೆನಾಡಿನಲ್ಲಿ ಕಾನು, ನಮ್ಮಲ್ಲಿ ಬನ. ಭಾಷೆ ಬೇರೆಯಾದರೂ ನಂಬಿಕೆ ಒಂದೇ. ಕಾಸರಗೋಡು ಜಿಲ್ಲೆಯಲ್ಲಿ ಭೀಮನಡಿ ಸಮೀಪದ ಕಮ್ಮಾಡಂ ಕಾವು ಐವತ್ತಕ್ಕೂ ಹೆಚ್ಚು ಎಕರೆ ವಿಸ್ತಾರದ್ದಾಗಿದ್ದು, ಕೇರಳದ ದೊಡ್ಡ ಕಾವುಗಳ ಸಾಲಿಗೆ ಸೇರುತ್ತದೆ.

ಕೆಸರಿನಲ್ಲಿ ಉಸಿರಾಟ

ಗಿಡದ ಬೇರಿಗೂ ಗಾಳಿ ಬೇಕು. ಸಾಮಾನ್ಯ ಮಣ್ಣಿನಲ್ಲಿ ಕಣಗಳ ನಡುವಿನ ಸಂದಿಯಲ್ಲಿ ಗಾಳಿ ಇರುತ್ತದೆ. ಜೌಗಿನಲ್ಲಿ ಆ ಸಂದಿಗಳೆಲ್ಲ ನೀರಿನಿಂದ ತುಂಬಿರುತ್ತವೆ. ಆಮ್ಲಜನಕ ನೀರಿನ ಮೂಲಕ ಸಾಗುವ ವೇಗ ಗಾಳಿಯಲ್ಲಿ ಸಾಗುವುದಕ್ಕಿಂತ ಸುಮಾರು 10 ಸಾವಿರ ಪಟ್ಟು ಕಡಿಮೆ. ಅಡಿಕೆ ತೋಟದಲ್ಲಿ ಚರಂಡಿ ಕಟ್ಟಿ ನೀರು ನಿಂತರೆ ಬುಡ ಕೊಳೆತು ಮರ ಸೊರಗುವುದು ಕೃಷಿಕರಿಗೆಲ್ಲ ಗೊತ್ತು. ಆದರೆ ಜೌಗಿನ ಜಾಜಿ ಮರಗಳು ಇದಕ್ಕೆ ಉಪಾಯ ಕಂಡುಕೊಂಡಿವೆ.

ಮಿರಿಸ್ಟಿಕಾ ಮ್ಯಾಗ್ನಿಫಿಕಾ ಎಂಬ ದೊಡ್ಡ ಮರ ಕಾಂಡದ ಕೆಳಭಾಗದಿಂದ ಊರುಗೋಲಿನಂತಹ ಬೇರುಗಳನ್ನು ಇಳಿಬಿಡುತ್ತದೆ. ಸಡಿಲ ಕೆಸರಿನಲ್ಲಿ ಮರ ವಾಲದಂತೆ ಅವು ಆಧಾರವಾಗುತ್ತವೆ. ಜಿಮ್ನಾಕ್ರಾಂಥೆರಾ ಕೆನರಿಕಾ ಎಂಬ ಇನ್ನೊಂದು ಮರದ ಬೇರುಗಳು ಕೆಸರಿನಿಂದ ಮೇಲೆದ್ದು ಮಂಡಿಯಂತೆ ಬಳಸಿ ಮತ್ತೆ ಒಳಗೆ ಹೋಗುತ್ತವೆ. ಹೊರಗೆ ಕಾಣುವ ಈ ಬೇರುಗಳ ತೊಗಟೆಯಲ್ಲಿ ಸಣ್ಣ ರಂಧ್ರಗಳಿವೆ. ಗಾಳಿ ಅವುಗಳ ಮೂಲಕ ಒಳಸೇರಿ ಕೆಸರಿನಡಿಯ ಬೇರನ್ನು ತಲುಪುತ್ತದೆ. ಕಡಲತೀರದ ಕಾಂಡ್ಲಾ ಗಿಡಗಳದೂ ಇದೇ ಬಗೆಯ ಉಪಾಯ. ವ್ಯತ್ಯಾಸ ಇಷ್ಟೇ: ಅಲ್ಲಿ ಉಪ್ಪುನೀರು, ಇಲ್ಲಿ ಸಿಹಿನೀರು.

ಕೆನರಿಕಾ ಎಂಬ ಹೆಸರು ನಮ್ಮ ಕೆನರಾ ಪ್ರದೇಶದಿಂದ ಬಂದದ್ದು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಕಾಸರಗೋಡು ಕೂಡ ದಕ್ಷಿಣ ಕೆನರಾ ಜಿಲ್ಲೆಗೆ ಸೇರಿತ್ತು. ಈ ಮರವನ್ನು ಕನ್ನಡದಲ್ಲಿ ಪಿಂಡಿಕಾಯಿ ಮರ ಎನ್ನುತ್ತಾರೆ. ಮಲಯಾಳದಲ್ಲಿ ಇದು ಉಂಡಪ್ಪಯಿನ್.

ಯಾವ ಗಿಡ ಎಲ್ಲಿ ನಿಲ್ಲುತ್ತದೆ?

ದೂರದಿಂದ ಎಲ್ಲ ಒಂದೇ ಹಸಿರು ರಾಶಿಯಂತೆ ಕಂಡರೂ ಜೌಗುಕಾಡಿನಲ್ಲಿ ಪ್ರತಿಯೊಂದಕ್ಕೂ ತನ್ನದೇ ಜಾಗವಿದೆ. ಯಾವ ಗಿಡ ಎಲ್ಲಿ ಎಂಬುದನ್ನು ನೀರು ತೀರ್ಮಾನಿಸುತ್ತದೆ.

ಸದಾ ನೀರಿರುವ ಮಧ್ಯಭಾಗದಲ್ಲಿ ಮೇಲೆ ಹೇಳಿದ ಎರಡು ಜಾಜಿ ಮರಗಳದೇ ಪಾರುಪತ್ಯ. ಇವುಗಳ ಜೊತೆ ಅಪರೂಪದ ಎರಡು ಮರಗಳು ಕಾಣಸಿಗುತ್ತವೆ. ಒಂದು, ನೇರಳೆಯ ಬಳಗದ ಸಿಜಿಜಿಯಂ ಟ್ರಾವಂಕೋರಿಕಂ. ಇದು ಅಳಿವಿನ ತೀವ್ರ ಅಪಾಯದಲ್ಲಿರುವ ಮರಗಳ ಪಟ್ಟಿಯಲ್ಲಿದೆ. ಇನ್ನೊಂದು, ಗೇರುಬೀಜದ ಬಳಗಕ್ಕೆ ಸೇರಿದ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಕತ್ತಲೆಕಾನಿನಲ್ಲಿ ಪತ್ತೆಯಾದ ಕಾರಣ ಆ ಊರಿನ ಹೆಸರನ್ನೇ ಇಟ್ಟುಕೊಂಡ ಈ ಮರ 2000ದಲ್ಲಷ್ಟೇ ವಿಜ್ಞಾನಕ್ಕೆ ಪರಿಚಯವಾಯಿತು. ಎತ್ತರದ ಮರವೊಂದು ಅಷ್ಟು ಕಾಲ ಯಾರ ಪುಸ್ತಕಕ್ಕೂ ಸಿಗದೆ ನಿಂತಿತ್ತು ಎಂದರೆ ಈ ಕೆಸರು ಕಾಡುಗಳ ಕಡೆಗೆ ನಮ್ಮ ಗಮನ ಎಷ್ಟಿತ್ತು ಎಂಬುದು ತಿಳಿಯುತ್ತದೆ.

ಮಧ್ಯದಿಂದ ತುಸು ಅಂಚಿಗೆ ಬಂದರೆ ಬಾಳ್‌ಪಾಲೆ, ಮುಂಡಿಗೆ ಪೊದೆ, ಪಿನಾಂಗಾ ಎಂಬ ತೆಳ್ಳನೆಯ ಕಾಡಡಿಕೆ. ಈ ಕಾಡಡಿಕೆಯನ್ನು ನೋಡಿದರೆ ತೋಟದ ಅಡಿಕೆಯ ತಮ್ಮನೆಂದೇ ಹೇಳಬೇಕು. ನೆಲಮಟ್ಟದಲ್ಲಿ ಕೆಸುವಿನ ಕುಟುಂಬದ ಲಾಗೆನಾಂಡ್ರಾ ಎಲೆ ಹರಡಿರುತ್ತದೆ. ನೀರು ನಿಲ್ಲದ ಇಳಿಜಾರು ಆರಂಭವಾಗುತ್ತಿದ್ದಂತೆ ಗಿಡಗಳು ಬದಲಾಗುತ್ತವೆ. ಅಲ್ಲಿ ಎಣ್ಣೆಮರ, ಹೈಗ, ಮೈಗೆ ತಾಗಿದರೆ ಬೊಕ್ಕೆ ಬರಿಸುವ ಚೇರೆ, ಕೆಂಪುರಸ ಒಸರುವ ರಕ್ತಮರ.

ಇವನ್ನು ಆಶ್ರಯಿಸಿದ ಪ್ರಾಣಿಗಳದು ಇನ್ನೊಂದು ಲೋಕ. ಕತ್ತಲೆಕಾನಿನ ಸುತ್ತಮುತ್ತ ಸಿಂಗಳೀಕಗಳಿವೆ. ಅಲ್ಲಿಂದಲೇ 2014ರಲ್ಲಿ ವಿವರಿಸಲಾದ ಕಪ್ಪೆಯೊಂದಕ್ಕೆ ಕುಂಬಾರ ಕಪ್ಪೆ ಎಂದು ಹೆಸರಿಟ್ಟಿದ್ದಾರೆ. ಗಂಡು ಕಪ್ಪೆ ಮುಂಗಾಲಿನಿಂದ ಕೆಸರು ತೆಗೆದು ಮೊಟ್ಟೆಗಳಿಗೆ ಮೆತ್ತುತ್ತದೆ. ಕುಂಬಾರ ಮಡಕೆಗೆ ಮಣ್ಣು ಮೆತ್ತಿದಂತೆ! ಕೇರಳದ ಜೌಗುಗಳ ಮರಗಪ್ಪೆಯೊಂದಕ್ಕೆ 2013ರಲ್ಲಿ ಮರ್ಕ್ಯುರಾನಾ ಮಿರಿಸ್ಟಿಕಾಪಾಲಸ್ಟ್ರಿಸ್ ಎಂದು ಹೆಸರಾಯಿತು. ಜಾಜಿ ಜೌಗಿನದು ಎಂಬ ಅರ್ಥ ಅದರ ಹೆಸರಲ್ಲೇ ಇದೆ.

ಅಳಿದದ್ದು ಹೇಗೆ?

ಜೌಗುಕಾಡು ಇರುವುದು ಕಣಿವೆಯ ತಳದಲ್ಲಿ. ಮಣ್ಣು ಫಲವತ್ತು, ನೀರು ಧಾರಾಳ. ಅಡಿಕೆ ತೋಟಕ್ಕೂ ಗದ್ದೆಗೂ ಇದಕ್ಕಿಂತ ಒಳ್ಳೆಯ ಜಾಗ ಬೇರೆಲ್ಲಿ? ಹಾಗಾಗಿ ನೂರಾರು ವರ್ಷಗಳಿಂದ ನಮ್ಮ ಹಿರಿಯರು ಕಣಿವೆಯ ತಳವನ್ನೇ ಆರಿಸಿ ಚರಂಡಿ ತೋಡಿ ಬೇಸಾಯ ಮಾಡಿದರು. ಅವರನ್ನು ದೂರುವಂತಿಲ್ಲ, ಹೊಟ್ಟೆಪಾಡು ಮುಖ್ಯವಾಗಿತ್ತು. ಇಂದು ನಾವು ಬಯಲು, ಮಜಲು ಎನ್ನುವ ಎಷ್ಟೋ ಜಾಗಗಳು ಒಂದು ಕಾಲದ ಜೌಗುಗಳೇ ಇರಬಹುದು.

ತೇಗದ ನೆಡುತೋಪುಗಳು ಇನ್ನೊಂದು ಕಾರಣ. ಕುಳತ್ತುಪುಳ ಭಾಗದಲ್ಲಿ ಸುತ್ತಲಿನ ಸಹಜ ಕಾಡು ಹೋಗಿ ತೇಗ ಬಂದ ಮೇಲೆ ಜೌಗುಗಳು ದ್ವೀಪದಂತಾದವು. ಗುಡ್ಡದ ಕಾಡು ಹೋದರೆ ಮಳೆನೀರು ಇಂಗುವುದು ಕಡಿಮೆಯಾಗುತ್ತದೆ, ಹೂಳು ಕೊಚ್ಚಿ ಬರುತ್ತದೆ. ಹೂಳು ತುಂಬಿದರೆ ಉಸಿರಾಡುವ ಮಂಡಿಬೇರುಗಳು ಮುಚ್ಚಿಹೋಗುತ್ತವೆ.

ಮೂರನೆಯದು, ಎಲ್ಲರ ಕಣ್ಣಿಗೆ ಬೀಳದ ಕಾರಣ. ರಾಂಪತ್ರೆಗೆ ಮಾರುಕಟ್ಟೆಯಲ್ಲಿ ಬೆಲೆಯಿದೆ. ಜಾಜಿ ಬಳಗದ ಮರಗಳ ಬೀಜವನ್ನು ಸುತ್ತಿದ ಕೆಂಪು ಪತ್ರೆಗಾಗಿ ಕಾಯಿ ಬಲಿಯುವ ಮೊದಲೇ ಕೊಯ್ಯುವುದು, ಕೊಂಬೆ ಸಹಿತ ಕಡಿದು ಉರುಳಿಸುವುದು ನಡೆಯುತ್ತದೆ. ಈ ಮರಗಳಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಕಾಯಿ ಬಿಡುವುದು ಹೆಣ್ಣು ಮರ ಮಾತ್ರ. ಆದುದರಿಂದ ಕೊಯ್ಲಿನ ಪೆಟ್ಟೆಲ್ಲ ಹೆಣ್ಣು ಮರಕ್ಕೇ ಬೀಳುತ್ತದೆ. ಹಳೆಯ ಮರಗಳು ನಿಂತಿರುತ್ತವೆ, ಕೆಳಗೆ ಒಂದು ಸಸಿಯೂ ಇರುವುದಿಲ್ಲ. ನೋಡುವವರಿಗೆ ಕಾಡು ಚೆನ್ನಾಗಿಯೇ ಇದೆ ಅನ್ನಿಸುತ್ತದೆ. ಮೊಮ್ಮಕ್ಕಳಿಲ್ಲದ ಮನೆಯಂತೆ ಅದು ಒಳಗಿಂದೊಳಗೇ ಮುಗಿಯುತ್ತಿರುತ್ತದೆ.

ಮತ್ತೆ ಬೆಳೆಸುವುದು: ಮೊದಲು ನೀರು, ಆಮೇಲೆ ಗಿಡ

ಪರಿಸರ ದಿನದಂದು ಸಸಿ ನೆಡುವುದು ನಮಗೆಲ್ಲ ರೂಢಿ. ಜೌಗುಕಾಡಿನ ವಿಷಯದಲ್ಲಿ ಆ ಕ್ರಮ ತಲೆಕೆಳಗು. ಇಲ್ಲಿ ಮೊದಲು ಸರಿಪಡಿಸಬೇಕಾದುದು ನೀರನ್ನು. ಹಳೆಯ ಚರಂಡಿ ಇನ್ನೂ ನೀರನ್ನು ಹೊರಗೆಳೆಯುತ್ತಿದ್ದರೆ ಸಾವಿರ ಸಸಿ ನೆಟ್ಟರೂ ವ್ಯರ್ಥ. ಆದ್ದರಿಂದ ಮಾಡಬೇಕಾದ ಮೊದಲ ಕೆಲಸ, ಒಂದು ಪೂರ್ತಿ ವರ್ಷ ನೀರಿನ ಮಟ್ಟವನ್ನು ಗಮನಿಸುವುದು. ತೂತು ಕೊರೆದ ಪೈಪೊಂದನ್ನು ನೆಲಕ್ಕೆ ಇಳಿಸಿ ವಾರಕ್ಕೊಮ್ಮೆ ಕೋಲಿನಿಂದ ಅಳೆದು ಬರೆದಿಟ್ಟರೆ ಸಾಕು, ಶಾಲಾ ಮಕ್ಕಳೂ ಮಾಡಬಹುದಾದ ಕೆಲಸ. ಬೇಸಿಗೆಯಲ್ಲಿ ಎಲ್ಲಿಯವರೆಗೆ ಒದ್ದೆ ಉಳಿಯುತ್ತದೆ ಎಂಬ ಗೆರೆ ಸಿಕ್ಕರೆ ಯಾವ ಗಿಡ ಎಲ್ಲಿ ಎಂಬುದು ತಾನಾಗಿ ಗೊತ್ತಾಗುತ್ತದೆ.

ಆಮೇಲೆ ಚರಂಡಿಗಳಿಗೆ ಮಣ್ಣು, ಮರದ ದಿಮ್ಮಿ, ಕಲ್ಲುಗಳಿಂದ ಅಲ್ಲಲ್ಲಿ ಅಡ್ಡಕಟ್ಟಿ ನೀರಿನ ಓಟವನ್ನು ನಿಧಾನಗೊಳಿಸಬೇಕು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ದೊಡ್ಡ ಕಾಂಕ್ರೀಟ್ ತಡೆಗೋಡೆ ಕಟ್ಟಿ ಕೆರೆಯಂತೆ ನೀರು ನಿಲ್ಲಿಸಬಾರದು. ಜೌಗಿನ ಮರಕ್ಕೆ ಬೇಕಾದುದು ಆಳವಿಲ್ಲದ, ಮೆಲ್ಲಗೆ ಸರಿಯುವ ನೀರು. ಮಂಡಿಬೇರು ಮುಳುಗುವಷ್ಟು ನೀರು ತಿಂಗಳುಗಟ್ಟಲೆ ನಿಂತರೆ ಉಸಿರುಕಟ್ಟಿ ಮರ ಸಾಯುತ್ತದೆ. ನೀರು ಹಿಡಿದಿಡುವ ಒಳ್ಳೆಯ ಉದ್ದೇಶದ ಕಟ್ಟವೇ ಜೌಗಿಗೆ ಮುಳುವಾಗಬಹುದು.

ಮೂರನೆಯ ಕೆಲಸ ಬೀಜ. ಜಾಜಿ ಬಳಗದ ಬೀಜವನ್ನು ಭತ್ತದಂತೆ ಒಣಗಿಸಿ ಕಣಜದಲ್ಲಿ ಇಡಲಾಗದು. ಒಣಗಿದರೆ ಅದು ಸತ್ತಂತೆ. ಹಣ್ಣು ಬಿರಿದು ಬಿದ್ದ ಕೂಡಲೇ ಹೆಕ್ಕಿ, ಪತ್ರೆ ತೆಗೆದು, ಒದ್ದೆ ಮರಳಿನಲ್ಲೋ ತೆಂಗಿನ ನಾರಿನ ಪುಡಿಯಲ್ಲೋ ತಡಮಾಡದೆ ಬಿತ್ತಬೇಕು. ಹಲಸಿನ ಬೀಜದ ವಿಷಯ ಗೊತ್ತಿರುವವರಿಗೆ ಇದು ಸುಲಭವಾಗಿ ಅರ್ಥವಾದೀತು. ಸಸಿಮಡಿ ನೆರಳಿನಲ್ಲಿರಬೇಕು, ಮಣ್ಣು ಒಣಗಬಾರದು. ಬೀಜವನ್ನು ಒಂದೇ ಮರದಿಂದ ತರದೆ ಅದೇ ಕಣಿವೆಯ ಹಲವು ತಾಯಿಮರಗಳಿಂದ ತಂದರೆ ತಳಿಯ ವೈವಿಧ್ಯ ಉಳಿಯುತ್ತದೆ. ಹುಟ್ಟುವ ಸಸಿಗಳಲ್ಲಿ ಗಂಡೆಷ್ಟು ಹೆಣ್ಣೆಷ್ಟು ಎಂಬುದು ಹೂಬಿಡುವವರೆಗೆ ತಿಳಿಯದು. ಆದ್ದರಿಂದ ಹತ್ತಿಪ್ಪತ್ತು ನೆಟ್ಟು ಸುಮ್ಮನಾಗುವಂತಿಲ್ಲ, ಗುಂಪಾಗಿ ನೆಡಬೇಕು.

ನೆಡುವಾಗ ಮಧ್ಯದ ಕೆಸರಿಗೆ ಮಧ್ಯದ ಗಿಡ, ಅಂಚಿಗೆ ಅಂಚಿನ ಗಿಡ, ಇಳಿಜಾರಿಗೆ ಇಳಿಜಾರಿನ ಗಿಡ ಎಂಬ ಕ್ರಮ ತಪ್ಪಬಾರದು. ಜಾಜಿಯ ಸಸಿಗಳಿಗೆ ಎಳೆಯ ವಯಸ್ಸಿನಲ್ಲಿ ನೆರಳು ಬೇಕು. ಬಯಲಾದ ಜಾಗದಲ್ಲಿ ಮೊದಲು ಬೇಗ ಬೆಳೆಯುವ ಸ್ಥಳೀಯ ಗಿಡಗಳಿಂದ ನೆರಳು ಮಾಡಿಕೊಂಡು ಆಮೇಲೆ ಜಾಜಿಗೆ ಕೈಹಾಕುವುದು ಲೇಸು. ಅಕೇಸಿಯಾದಂತಹ ಹೊರಗಿನ ಮರ ಮಾತ್ರ ಸರ್ವಥಾ ಬೇಡ. ಸೊಪ್ಪು, ತರಗೆಲೆ ಗುಡಿಸಿ ಒಯ್ಯುವುದನ್ನು ನಿಲ್ಲಿಸಿ, ಕೆಲವು ವರ್ಷ ದನ ನುಗ್ಗದಂತೆ ಬೇಲಿ ಹಾಕಿದರೆ ಉಳಿದದ್ದನ್ನು ಕಾಡೇ ನೋಡಿಕೊಳ್ಳುತ್ತದೆ. ಬೀಜವನ್ನು ದೂರ ಒಯ್ಯುವ ಮಂಗಟ್ಟೆ, ದೊಡ್ಡ ಕಾಡುಪಾರಿವಾಳಗಳು ಬರಬೇಕಾದರೆ ಜೌಗಿನ ಸುತ್ತಲಿನ ಗುಡ್ಡದ ಕಾಡೂ ಉಳಿಯಬೇಕು. ತುಣುಕನ್ನು ಮಾತ್ರ ಕಾದು ಸುತ್ತಲನ್ನು ಬೋಳಿಸಿದರೆ ಪ್ರಯೋಜನವಿಲ್ಲ.

ಇದು ಬರಿಯ ಪುಸ್ತಕದ ಮಾತಲ್ಲ. ಶಿರಸಿಯ ಅರಣ್ಯ ಮಹಾವಿದ್ಯಾಲಯದ ವಿಜ್ಞಾನಿಗಳು ಕತ್ತಲೆಕಾನಿನ ಸೆಮೆಕಾರ್ಪಸ್ ಮೊದಲಾದ ಅಪರೂಪದ ಮರಗಳ ಸಂತತಿಯನ್ನು ಅಧ್ಯಯನ ಮಾಡಿ, ಸಸಿ ಬೆಳೆಸಿ ಜೌಗುಗಳಿಗೆ ಮರಳಿಸುವ ಪ್ರಯತ್ನ ನಡೆಸಿದ್ದಾರೆ. ಕತ್ತಲೆಕಾನನ್ನು ಒಳಗೊಂಡ ಸುಮಾರು 300 ಚದರ ಕಿಲೋಮೀಟರ್ ಕಾಡು 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶವಾಯಿತು. 2019ರಲ್ಲಿ ಅದು ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯದೊಳಗೆ ಸೇರಿತು.

ಎಲ್ಲ ಕೆಸರೂ ಜೌಗುಕಾಡಲ್ಲ

ಗಡಿಭಾಗದ ಓದುಗರು ಇನ್ನೊಂದು ವ್ಯತ್ಯಾಸ ತಿಳಿದಿರಬೇಕು. ವಯನಾಡಿನಲ್ಲಿ ಕಾಡಿನ ನಡುವೆ ವಯಲ್ ಎಂಬ ಕೆಸರು ಬಯಲುಗಳಿವೆ. ಬಂಡೀಪುರ, ನಾಗರಹೊಳೆ ಕಡೆ ಅವನ್ನೇ ಹಡ್ಲು ಎನ್ನುತ್ತಾರೆ. ಅವು ಹುಲ್ಲಿನ ಜೌಗುಗಳು. ಬೇಸಿಗೆಯಲ್ಲಿ ಆನೆ, ಕಾಟಿ, ಜಿಂಕೆಗಳಿಗೆ ಹಸಿ ಮೇವು ಸಿಗುವುದು ಅಲ್ಲೇ. ನೀಲಗಿರಿಯ ಎತ್ತರದಲ್ಲಿ ಶೋಲಾ ಕಾಡುಗಳ ನಡುವಿನ ಹುಲ್ಲುಜೌಗುಗಳೂ ಅಂಥವೇ. ಅಂತಹ ಜಾಗದಲ್ಲಿ ಜಾಜಿ ಎಂದಲ್ಲ, ಯಾವ ಮರ ನೆಟ್ಟರೂ ಅದು ಪುನಶ್ಚೇತನವಲ್ಲ, ಹಾನಿ. ಅಲ್ಲಿ ಮಾಡಬೇಕಾದುದು ಹಬ್ಬುತ್ತಿರುವ ಕಳೆಗಿಡಗಳನ್ನು ಕೀಳುವುದು. ವಯನಾಡಿನ ಕಾಡುಗಳಲ್ಲಿ ಸೆನ್ನಾ ಎಂಬ ಹಳದಿ ಹೂವಿನ ಮರ ಹಬ್ಬಿ ದೊಡ್ಡ ತಲೆನೋವಾಗಿರುವುದು ಅಲ್ಲಿನವರಿಗೆ ಗೊತ್ತೇ ಇದೆ. ಒಂದು ಜಾಗ ಹಿಂದೆ ಏನಾಗಿತ್ತು ಎಂದು ಊರಿನ ಹಿರಿಯರನ್ನು ಕೇಳಿ ತಿಳಿಯದೆ ಹಾರೆ ಎತ್ತಬಾರದು.

ಊರಿಗೇನು ಲಾಭ, ಯಾರಿಗೇನು ನಷ್ಟ?

ಕಣಿವೆಯ ತಲೆಯಲ್ಲಿರುವ ಜೌಗು ಸ್ಪಂಜಿನಂತೆ ಕೆಲಸ ಮಾಡುತ್ತದೆ. ಮಳೆಗಾಲದಲ್ಲಿ ಹೀರಿದ ನೀರನ್ನು ಬೇಸಿಗೆಯಲ್ಲಿ ಸ್ವಲ್ಪಸ್ವಲ್ಪವೇ ಬಿಡುತ್ತದೆ. ಕೆಳಗಿನ ತೋಟದವರಿಗೆ ಅದರ ಲಾಭ ನೇರ. ಆದರೆ ಜೌಗು ಇರುವ ಜಾಗದ ಒಡೆಯನಿಗೆ ಅಷ್ಟು ಅಡಿಕೆ ಮರ ಕಡಿಮೆಯಾಗುತ್ತದೆ. ಮೇಲಿನವನ ತ್ಯಾಗದಲ್ಲಿ ಕೆಳಗಿನವನ ತೋಡು ಹರಿಯುವುದಾದರೆ ಮೇಲಿನವನಿಗೆ ಸಿಗುವುದೇನು? ಈ ಪ್ರಶ್ನೆಗೆ ಉತ್ತರ ಕೊಡದೆ ಬರೀ ಕಾಡು ಉಳಿಸಿ ಎಂದರೆ ಯಾರೂ ಕೇಳಲಾರರು. ರಾಂಪತ್ರೆ ಕೊಯ್ದು ಬದುಕುವ ಕುಟುಂಬಗಳದೂ ಇದೇ ಪ್ರಶ್ನೆ. ಬಲಿತು ಬಿದ್ದ ಕಾಯಿಯನ್ನು ಮಾತ್ರ ಹೆಕ್ಕುವುದು, ಒಂದಷ್ಟು ಪಾಲನ್ನು ಮರದ ಬುಡದಲ್ಲೇ ಬಿಡುವುದು ಎಂಬ ನಿಯಮವನ್ನು ಕೊಯ್ಲಿನವರೇ ಒಪ್ಪಿ ಮಾಡಿಕೊಂಡರೆ ಮಾತ್ರ ಅದು ನಿಲ್ಲುತ್ತದೆ.

ಕಾನೂನಿನ ನೆರವೂ ಇದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯತಿನಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಜೌಗು, ಬನ, ಕಾವುಗಳನ್ನು ಜನತಾ ಜೀವವೈವಿಧ್ಯ ದಾಖಲೆಯಲ್ಲಿ ಬರೆಸಲು ಈ ಸಮಿತಿಯನ್ನು ಕೇಳಬಹುದು. ಮಹತ್ವದ ತಾಣವಾದರೆ ಪಾರಂಪರಿಕ ತಾಣವೆಂದು ಘೋಷಿಸಲು ಅದೇ ಕಾಯ್ದೆಯಲ್ಲಿ ಅವಕಾಶವಿದೆ. ಬಾಂಬರ್ಡೆಯಲ್ಲಿ ಆದದ್ದು ಹಾಗೆಯೇ. ಕೇರಳದಲ್ಲಿ 2008ರ ಭತ್ತಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಕಾಯ್ದೆ ಕೂಡ ಇದೆ. ಕಾಗದದಲ್ಲಿ ಹೆಸರಿಲ್ಲದ ಜೌಗನ್ನು ಜೆಸಿಬಿ ಬಂದ ದಿನ ಉಳಿಸುವುದು ಕಷ್ಟ. ಆದುದರಿಂದ ಮೊದಲು ದಾಖಲೆ ಆಗಬೇಕು.

ಕೊನೆಯದಾಗಿ ನಮ್ಮ ಬನಗಳ ಮಾತು. ಇತ್ತೀಚಿನ ವರ್ಷಗಳಲ್ಲಿ ಎಷ್ಟೋ ಕಡೆ ನಾಗಬನದ ಮರ ಕಡಿದು ಸಿಮೆಂಟಿನ ಕಟ್ಟೆ ಕಟ್ಟುವುದು, ಸುತ್ತ ಇಂಟರ್‌ಲಾಕ್ ಹಾಸುವುದು ಜೀರ್ಣೋದ್ಧಾರ ಎನಿಸಿಕೊಂಡಿದೆ. ಭಕ್ತಿಗೆ ಯಾರೂ ಅಡ್ಡಿಯಲ್ಲ. ಆದರೆ ಬನ ಎಂದರೆ ಮರ, ಬಳ್ಳಿ, ತಂಪು, ಒರತೆ. ಹಿರಿಯರು ಬನದಲ್ಲಿ ಕತ್ತಿ ಹಾಕಬಾರದು ಎಂದದ್ದರಿಂದಲೇ ಇಂದಿಗೂ ಕೆಲವು ಅಪೂರ್ವ ಮರಗಳು ಉಳಿದಿವೆ. ನಿಮ್ಮ ಊರಿನ ಬನದಲ್ಲಿ ಬೇಸಿಗೆಯಲ್ಲೂ ಒದ್ದೆಯಾಗಿರುವ ಜಾಗವಿದೆಯೇ? ಅಲ್ಲಿ ಬೇರು ಮಂಡಿಯೂರಿದ ಮರಗಳಿವೆಯೇ? ಮುಂದಿನ ಸಲ ಜೀರ್ಣೋದ್ಧಾರ ಸಮಿತಿ ಸೇರಿದಾಗ, ಅಂದಾಜುಪಟ್ಟಿ ತಯಾರಿಸುವ ಮೊದಲು, ಒಮ್ಮೆ ಅಲ್ಲಿಗೆ ಹೋಗಿ ನೋಡಿ ಬನ್ನಿ.